ಎಡಕ್ಕೆ ವಾಲಿದ ಮೊಹರು

ಬೆಳಿಗ್ಗೆ ಬ್ಯಾಂಕಿನ ಬಾಗಿಲು ತೆರೆಯುವ ಮೊದಲು ಹೊಸೋಯಾ ಸಾನ್ ನಮ್ಮ ಬೀದಿಯ ತಿರುವಿನಲ್ಲಿರುವ ಜಿಝೋ ದೇವರ ಮುಂದೆ ನಿಲ್ಲುತ್ತಿದ್ದರು. ಆ ಪುಟ್ಟ ಕಲ್ಲಿನ ಮೂರ್ತಿಯ ಕೊರಳಿನ ಕೆಂಪು ಬಟ್ಟೆ ಕಡಲ ಗಾಳಿಗೆ ಸುತ್ತಿಕೊಂಡಿರುತ್ತಿತ್ತು. ಅದನ್ನು ನೇರ ಮಾಡಿ, ಕೈಮುಗಿದು, ಆಮೇಲೆ ನನ್ನ ಹೋಟೆಲಿಗೆ ಬಂದು ಅನ್ನ, ಮಿಸೊ ಸಾರು, ಸುಟ್ಟ ಮೀನು ತಿನ್ನುವರು. ಹಿಮ ಬೀಳಲಿ, ಜ್ವರವಿರಲಿ, ಇದು ತಪ್ಪಿದ್ದನ್ನು ನಾನು ಕಂಡಿಲ್ಲ. ಏನು ಬೇಡಿಕೊಳ್ಳುತ್ತೀರಿ ಎಂದು ಕೇಳಲೂ ಇಲ್ಲ. ಅದು ಅವರಿಗೂ ದೇವರಿಗೂ ಬಿಟ್ಟದ್ದು.

ಎದುರಿನ ಬ್ಯಾಂಕಿನ ಶಾಖೆಯಲ್ಲಿ ಅವರು ಉಪ ಮ್ಯಾನೇಜರ್. ಉಳಿದವರು ಬಂದು ವರ್ಗವಾಗಿ ಹೋದರು. ಇವರು ಹೆಂಡತಿಯ ಕಾಯಿಲೆಗಾಗಿ ಇಲ್ಲಿಯೇ ಉಳಿಯುತ್ತೇನೆಂದು ಕೇಳಿಕೊಂಡು, ಬಡ್ತಿಯಿಲ್ಲದೆ ತಲೆ ನರೆಸಿಕೊಂಡರು. ಆಕೆ ತೀರಿಕೊಂಡ ಮೇಲೂ ಹೋಗಲಿಲ್ಲ. ಅಷ್ಟರಲ್ಲಿ ನಮ್ಮೂರು ಉರಾಹಾಮಾದಲ್ಲಿ ದೋಣಿಗಳು ಕಡಿಮೆಯಾಗಿ, ಮೀನಿನ ಕಾರ್ಖಾನೆ ಮುಚ್ಚಿ, ಶಾಖೆಯೂ ಸೊರಗತೊಡಗಿತ್ತು.

ಆ ಚಳಿಗಾಲ ಪ್ರತಿ ಭಾನುವಾರ ಟಿವಿಯಲ್ಲಿ ಒಂದು ಧಾರಾವಾಹಿ ಬರುತ್ತಿತ್ತು. ಮುಳುಗುತ್ತಿರುವ ಒಂದು ಬ್ಯಾಂಕ್ ಶಾಖೆಯದೇ ಕಥೆ. ಮೇಲಧಿಕಾರಿಯ ಮುಂದೆ ಮೇಜು ಗುದ್ದಿ ನಾಯಕ ಕೂಗಿದಾಗಲೆಲ್ಲ ನನ್ನ ಹೋಟೆಲಿನಲ್ಲಿ ಚಪ್ಪಾಳೆ. ಮೀನಿನ ದಲ್ಲಾಳಿ ಇವಾಸೆ ಸೋಮವಾರ ಬೆಳಿಗ್ಗೆಯೇ ಶುರುಮಾಡುತ್ತಿದ್ದ.

"ನೋಡಿದ್ರಾ ಹೊಸೋಯಾ ಸಾನ್, ಹೆಂಗೆ ಗುದ್ದಿದ! ನೀವು ಗುದ್ದೋದು ಯಾವಾಗ?"

"ನಮ್ಮ ಮೇಜು ಹಳೇದು. ಗುದ್ದಿದ್ರೆ ಕಾಲು ಮುರಿಯುತ್ತೆ."

"ಮೇಜಿಂದೋ, ನಿಮ್ದೋ?"

ಎಲ್ಲರೂ ನಕ್ಕರು. ಇವಾಸೆ ಮಾತ್ರ ದನಿ ತಗ್ಗಿಸಿದ. "ತಮಾಷೆ ಬಿಡಿ. ನೀವು ಬ್ಯಾಂಕ್ ಮುಚ್ಚಿ ಹೋದ್ರೆ ನಮ್ಮತ್ತೆ ಪಿಂಚಣಿಗೆ ಪೇಟೆಗೆ ಹೋಗ್ಬೇಕು. ಆ ಮಂಡಿ ಇಟ್ಕೊಂಡು ಬಸ್ ಹತ್ತೋಕಾಗುತ್ತಾ?"

"ಮುಚ್ಚೋ ಪತ್ರಕ್ಕೆ ನನ್ನ ಮೊಹರೂ ಬೀಳ್ಬೇಕಲ್ಲ," ಎಂದರು ಹೊಸೋಯಾ ಸಾನ್.

ಅವರ ಬ್ಯಾಂಕಿನಲ್ಲಿ ಒಂದು ಪದ್ಧತಿಯಿತ್ತು. ಪತ್ರದ ತುದಿಯಲ್ಲಿ ಸಾಲಾಗಿ ಚೌಕಗಳು, ಎಡಗಡೆಯದು ಮ್ಯಾನೇಜರದು. ಕೆಳಗಿನವರು, ಸಹಿಯ ಬದಲು ಹಾಕುವ ತಮ್ಮ ಹೆಸರಿನ ಮೊಹರನ್ನು ಆ ಕಡೆಗೆ ತುಸು ವಾಲಿಸಿ ಒತ್ತಬೇಕು, ತಲೆಬಾಗಿ ನಿಂತಂತೆ. ಇದು ಎಲ್ಲಿಯೂ ಬರೆದಿಟ್ಟ ನಿಯಮವಲ್ಲ. ಆದರೆ ನೆಟ್ಟಗೆ ಒತ್ತಿದರೆ, ಶಾಖೆಯೊಳಗೇ ಒಪ್ಪಿಗೆಯಿಲ್ಲ ಎಂದು ಕೇಂದ್ರ ಕಚೇರಿಯವರು ಅರ್ಥಮಾಡಿಕೊಂಡು ಪತ್ರವನ್ನು ತಡೆಹಿಡಿಯುತ್ತಾರೆ.

"ಈ ಸಲ ನೆಟ್ಟಗೇ ಒತ್ತೋದು ಅಕ್ಕಾ," ಎಂದು ಮೆಲ್ಲಗೆ ನನ್ನೊಬ್ಬಳಿಗೇ ಹೇಳಿದ್ದರು. "ನಾನು ಮೇಜು ಗುದ್ದೋದು ಅಂದ್ರೆ ಅಷ್ಟೇ."

ಶಾಖೆ ಮುಚ್ಚುವ ಪತ್ರ ಮೊಹರಿಗೆ ಬಂದ ದಿನ ಸಂಜೆ ಅವರು ಊಟ ಕೇಳಲಿಲ್ಲ. ನಾನು ಚಹಾ ಇಟ್ಟು ಎದುರಿಗೆ ಕುಳಿತೆ.

"ಕುವಾಬಾರಾ ಸಾನ್ ಎದ್ದು ನಿಂತ್ರು," ಎಂದರು. ಕುವಾಬಾರಾ ಅಂದರೆ ಮ್ಯಾನೇಜರ್, ವಯಸ್ಸಿನಲ್ಲಿ ಇವರಿಗಿಂತ ತುಂಬ ಚಿಕ್ಕವರು. "ಎರಡೂ ಕೈಲಿ ಪತ್ರ ಹಿಡಿದು ನಂಗೆ ಬಗ್ಗಿದ್ರು. ಮ್ಯಾನೇಜರ್ ಬಗ್ಗಿದ್ಮೇಲೆ ನಾನು ಇನ್ನೂ ಕೆಳಗೆ ಬಗ್ಬೇಡ್ವೇ? ಬಗ್ಗಿದ ಮೈಯಲ್ಲೇ ಒತ್ತಿದೆ. ಕಣ್ಣು ಬಿಟ್ಟು ನೋಡಿದ್ರೆ, ವಾಲಿಬಿಟ್ಟಿದೆ."

"ಆಗ್ಲೇ ಹೇಳ್ಬಹುದಿತ್ತಲ್ಲ?"

"ಹೇಳ್ಬಹುದಿತ್ತು," ಎಂದರು. "ಶಾಯಿ ಡಬ್ಬಿ ಮುಚ್ಚಳ ಹಾಕಿ ಜಾಗಕ್ಕೆ ಹೋಗಿ ಕೂತೆ."

ಚಹಾ ಆರಿಹೋಯಿತು. ನಾನು ಎದ್ದು ಬೇರೆ ಬಿಸಿ ಚಹಾ ತಂದಿಟ್ಟೆ.

ವಸಂತದಲ್ಲಿ ಶಾಖೆ ಮುಚ್ಚಿತು. ಕೊನೆಯ ದಿನ ಮುದುಕಿಯರು ಉಪ್ಪಿನಕಾಯಿ, ಕೆಂಪು ಕಾಳಿನ ಸಿಹಿ ಹಿಡಿದು ಬಂದರು. ಇವಾಸೆಯ ಅತ್ತೆ ಹೊಸೋಯಾ ಸಾನ್ ಕೈ ಹಿಡಿದು, "ಉಳಿಸೋಕೆ ನೀವೊಬ್ರೇ ಒದ್ದಾಡಿದ್ರಂತೆ, ನಿಮ್ಮ ಉಪಕಾರ ಮರೆಯಲ್ಲಪ್ಪಾ," ಎಂದಳು. ಅವರು ಬಗ್ಗಿದರು. ತಲೆ ಎತ್ತಲು ಬಹಳ ಹೊತ್ತು ಹಿಡಿಯಿತು.

ಆ ಸಂಜೆ ಕುವಾಬಾರಾ ನನ್ನ ಹೋಟೆಲಿಗೆ ಬಂದು ಹೊಸೋಯಾ ಸಾನ್ ಪಕ್ಕ ಕುಳಿತು ಅವರ ಬಟ್ಟಲಿಗೆ ಸಾಕೆ ಮದ್ಯ ಬಗ್ಗಿಸಿದರು.

"ನಿಮ್ಮನ್ನ ಬ್ಯಾಂಕಿನ ಗೋದಾಮಿನ ಕೆಲಸಕ್ಕೆ ಹಾಕ್ತಿದ್ದಾರೆ, ಗೊತ್ತಲ್ಲ? ಈ ವಯಸ್ಸಲ್ಲಿ ಅದೆಲ್ಲ ಯಾಕೆ? ಕೇಂದ್ರ ಕಚೇರೀಲಿ ಒಂದು ಜಾಗ ಇದೆ. ನಾನೊಂದು ಮಾತು ಹೇಳಿದ್ರೆ ಆಗುತ್ತೆ. ನೀವು ನಂಗೆ ಅಷ್ಟು ಸಹಾಯ ಮಾಡಿದ್ದೀರಿ."

ಹೊಸೋಯಾ ಸಾನ್ ಬಟ್ಟಲನ್ನು ಮುಟ್ಟಲಿಲ್ಲ.

"ದಯವಿಟ್ಟು ಹೇಳ್ಬೇಡಿ ಮ್ಯಾನೇಜರ್ ಅವ್ರೇ," ಎಂದರು. "ಆ ಜಾಗಕ್ಕೆ ಹೋದ್ರೆ, ಅದಕ್ಕೋಸ್ಕರವೇ ಮೊಹರು ವಾಲಿಸಿ ಒತ್ತಿದ್ದೆ ಅಂತ ನಂಗೇ ಅನ್ನಿಸಿಬಿಡುತ್ತೆ. ನಾನು ಗೋದಾಮಿಗೇ ಹೋಗ್ತೀನಿ."