ನಾನು ಕಲಿತಷ್ಟು ಅಳು

ಆಗೆಲ್ಲ ನಾಗನೂರಿನ ನಮ್ಮ ಓಣಿಯಲ್ಲಿ ಸಂಜೆ ಐದೂವರೆ ಆಯಿತೆಂದು ತಿಳಿಯಲು ಗಡಿಯಾರ ಬೇಕಿರಲಿಲ್ಲ. ಗೋಲಿ ಆಡುವವರು ಗೋಲಿ ಬಿಟ್ಟು, ಕುಂಟಾಟದವರು ಕುಂಟಾಟ ಬಿಟ್ಟು, ಮೈಗೆ ಕಬ್ಬಿನ ಒಣಗರಿಯ ರವದಿ ಸುಟ್ಟ ಹೊಗೆಯ ವಾಸನೆ ಹತ್ತಿಸಿಕೊಂಡು ನಮ್ಮ ಪಡಸಾಲೆಗೆ ನುಗ್ಗುತ್ತಿದ್ದರು. ಕಾಕಾ ಆ ಚಳಿಗಾಲ ಡಿಶ್ ಹಾಕಿಸಿದ್ದ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಮೊರದಲ್ಲಿ ಹುರಿದ ಶೇಂಗಾ ಸುರಿದು ನಡುವೆ ಇಡುತ್ತಿದ್ದಳು. ಕಾರ್ಟೂನು ಮುಗಿಯುವ ಹೊತ್ತಿಗೆ ಸಿಪ್ಪೆ ಮಾತ್ರ ಉಳಿದಿರುತ್ತಿತ್ತು.

ಅದೊಂದು ಮನೆಮಂದಿಯ ಕಾರ್ಟೂನು. ಡೊಳ್ಳು ಹೊಟ್ಟೆಯ ಅಪ್ಪ, ಬಾಯಿಬಡಕಿ ಅವ್ವ, ಇಬ್ಬರು ಕಿಡಿಗೇಡಿ ಮಕ್ಕಳು, ಮಾತಾಡುವ ಒಂದು ಆಡು. ಎಲ್ಲಿಯದೋ ಚಿತ್ರಕ್ಕೆ ಬೆಂಗಳೂರು ಕಡೆಯ ಕನ್ನಡದ ದನಿ ಕೂಡಿಸಿದ್ದರು. ಅರ್ಧ ಕತೆಯೆಲ್ಲ ನಕಲಿಯೇ. ಅಪ್ಪ ಹಲ್ಲುಜ್ಜುತ್ತ ಪೇಸ್ಟಿನ ಜಾಹೀರಾತಿನವರ ಹಾಗೆ ನಗುತ್ತಿದ್ದ, ಕಾಯಿಪಲ್ಲೆ ತರಲು ಹೀರೋನ ಹಾಗೆ ಕಾಲೆಳೆಯುತ್ತ ಹೋಗುತ್ತಿದ್ದ. ಆಡು ವಾರ್ತೆ ಓದುವವರ ಗತ್ತಿನಲ್ಲಿ ಮನೆಯ ಗುಟ್ಟನ್ನೆಲ್ಲ ಓದುತ್ತಿತ್ತು. ಅವರು ಯಾರನ್ನು ಅಣಕಿಸುತ್ತಿದ್ದಾರೆಂದು ನಮಗೆ ಗೊತ್ತಾಗುತ್ತಿರಲಿಲ್ಲ. ಕಾಕಾನ ಮಗ ಮಲ್ಲ್ಯಾ ಗೋಕಾಕದ ಟಾಕೀಜಿನಲ್ಲಿ ನಾಲ್ಕು ಸಿನಿಮಾ ನೋಡಿದ ದೊಡ್ಡ ಮನುಷ್ಯ. ಅವನು ನಕ್ಕಲ್ಲಿ ನಾವೂ ನಗುತ್ತಿದ್ದೆವು. ಆಮೇಲೆ ಎಂದಾದರೂ ಟಿವಿಯಲ್ಲಿ ಹಳೆಯ ಸಿನಿಮಾ ಬಂದು, ತಾಯಿ ಮಗನನ್ನು ಅಪ್ಪಿಕೊಂಡು ಅತ್ತರೆ, ದೊಡ್ಡವರು ಕಣ್ಣೊರೆಸಿಕೊಳ್ಳುತ್ತಿದ್ದರು, ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ನಮಗೆ ಅಣಕವೇ ಮೊದಲು, ಅಸಲು ಆಮೇಲೆ.

ಒಂದು ಸಂಜೆ ಆ ಆಡು ಸತ್ತಿತು. ಕಾರ್ಟೂನಿನ ಅವ್ವ ಹಳೆಯ ಸಿನಿಮಾದವರ ಹಾಗೆ ಕಂಬಕ್ಕೆ ಹಣೆ ಬಡಿದುಕೊಂಡು ಅತ್ತಳು. ಕಣ್ಣೀರು ಮನೆ ತುಂಬಿ ಪಾತ್ರೆಗಳೆಲ್ಲ ತೇಲಿದವು. ನಡುವೆ ಗಕ್ಕನೆ ಅಳು ನಿಲ್ಲಿಸಿ, ನಮ್ಮತ್ತ ತಿರುಗಿ, ‘ಟೀ ಆಯ್ತಾ?’ ಎಂದಳು. ಮತ್ತೆ ಹೋ ಎಂದು ಶುರು ಮಾಡಿದಳು. ಮರುದಿನ ಆಡು ಮತ್ತೆ ಬಂದಿತ್ತು ಬಿಡಿ, ಕಾರ್ಟೂನಿನಲ್ಲಿ ಸತ್ತವರಿಗೇನು.

ನಕಲಿ ಮಾಡುವುದರಲ್ಲಿ ಓಣಿಗೆಲ್ಲ ನಾನೇ ಮುಂದು. ಕಂಬಕ್ಕೆ ಹಣೆ ಬಡಿದುಕೊಂಡು ತೋರಿಸಿ ಎರಡು ದಿನ ಮೆರೆದೆ. ಮೂರನೆಯ ದಿನ ಯಾರೂ ನಗಲಿಲ್ಲ. ಹೊಸದು ಬೇಕಿತ್ತು. ಆಗ ನೆನಪಾದದ್ದು ನೀಲಾ ಅತ್ತಿ.

ಅತ್ತಿ ನಮ್ಮಪ್ಪನ ತಂಗಿ, ಹತ್ತರಗಿಗೆ ಕೊಟ್ಟಿದ್ದರು. ಎರಡು ತಿಂಗಳ ಹಿಂದೆ ಅವಳ ಗಂಡ ತೀರಿಕೊಂಡಾಗ ನಾವೆಲ್ಲ ಹೋಗಿದ್ದೆವು. ನಮ್ಮ ಕಡೆ ಹೆಂಗಸರು ಸತ್ತವರ ಮುಂದೆ ಸುಮ್ಮನೆ ಅಳುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಸತ್ತವರು ಉಂಡದ್ದು, ಆಡಿದ್ದು, ಕೊಟ್ಟದ್ದು ಎಲ್ಲವನ್ನೂ ರಾಗದಲ್ಲಿ ಅವರಿಗೇ ಹೇಳುತ್ತ ಅಳುವುದು. ಅದರಲ್ಲಿ ಅತ್ತಿಯನ್ನು ಮೀರಿಸುವವರು ಇರಲಿಲ್ಲ. ‘ಸಂತಿಗಿ ಹೋದಾಂವ ಬರತಾನಂತ ದಾರಿ ನೋಡಿದ್ನೋ, ನನ ರಾಜಾ... ಕೈಯಾನ ಚೀಲ ಯಾರಿಗಿ ಕೊಟ್ಟು ಹ್ವಾದ್ಯೋ, ನನ ರಾಜಾ...’ ಎಂದು ಎಳೆದು, ಅಲ್ಲಿ ಉದ್ದಕ್ಕೆ ಒಂದು ಉಸಿರು ತೆಗೆದುಕೊಳ್ಳುತ್ತಿದ್ದಳು. ಆ ಉಸಿರಿನ ಜಾಗ ನನಗೆ ಸಿಕ್ಕಿಬಿಟ್ಟಿತು. ತಲೆಯ ಮೇಲೆ ಅವ್ವನ ಹಳೆಯ ಸೀರೆ ಹೊದ್ದು ಅತ್ತಿಯ ಹಾಗೇ ಎಳೆದೆ, ಉಸಿರಿನ ಜಾಗದಲ್ಲಿ ನಿಂತೆ, ತಿರುಗಿ ‘ಟೀ ಆಯ್ತಾ?’ ಎಂದೆ. ಪಡಸಾಲೆ ಹಾರಿಹೋಗುವ ಹಾಗೆ ನಕ್ಕರು. ನನ್ನ ಅವ್ವ ಕೂಡ ಬಾಯಿಗೆ ಸೆರಗು ಒತ್ತಿಕೊಂಡಳು. ದಿನಾ ಅದನ್ನೇ ಕೇಳುತ್ತಿದ್ದರು, ದಿನಾ ಆ ನಗುವಿಗೇ ನನ್ನ ಆಟ ಮುಗಿಯುತ್ತಿತ್ತು.

ಆಯಿ ಮಾತ್ರ ನಗಲಿಲ್ಲ. ಶೇಂಗಾ ಸಿಪ್ಪೆ ಗುಡಿಸುತ್ತ ನನಗೆ ಹೇಳಿದಳು: “ಸುವ್ವಿ, ಹಾಡ್ಯಾಡಿ ಅಳೂದಂದ್ರ ಸತ್ತವರ ಕೂಡ ಮಾತಾಡೂದವ್ವಾ. ಅದರಾಗ ಬಾಯಿ ಹಾಕಬಾರದು.”

ಕೇಳುವ ಕಿವಿ ಎಲ್ಲಿತ್ತು ನನಗೆ. ಮಂಗನ ಕೈಯಲ್ಲಿ ಮಾಣಿಕ್ಯ ಸಿಕ್ಕಿತ್ತು, ತಿರುವಿ ತಿರುವಿ ಆಡಿದೆ.

ಸಂಕ್ರಾಂತಿ ಇನ್ನೂ ಬಂದಿರಲಿಲ್ಲ, ಒಂದು ಬೆಳಗ್ಗೆ ಆಯಿ ಏಳಲಿಲ್ಲ. ಹಣೆಗೆ ವಿಭೂತಿ ಹಚ್ಚಿ, ನಾವು ಟಿವಿ ನೋಡುತ್ತಿದ್ದ ಅದೇ ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದರು. ಟಿವಿಗೆ ಬಟ್ಟೆ ಮುಚ್ಚಿದ್ದರು. ಮಧ್ಯಾಹ್ನ ಓಣಿಯ ತುದಿಯಿಂದಲೇ ಅತ್ತಿಯ ದನಿ ಕೇಳಿಸಿತು. ಬಂದವಳೇ ತಾಯಿಯ ಕಾಲ ಮೇಲೆ ಬಿದ್ದಳು. ‘ತವರಿಗಿ ಬಂದ್ರ ಬಾಗಲಕ ನಿಂದರತಿದ್ದಿ, ಹಡದವ್ವಾ... ಇವತ್ತ ಯಾಕ ಕುಂತಿ, ಹಡದವ್ವಾ...’ ಅದೇ ರಾಗ. ನಾನು ಮಲ್ಲ್ಯಾನ ಬಾಜೂ ಅಳುತ್ತಲೇ ನಿಂತಿದ್ದೆ, ಖರೆ ಅಳುವೇ. ಅತ್ತಿ ಉಸಿರು ತೆಗೆದುಕೊಳ್ಳಲು ನಿಂತಳು.

‘ಟೀ ಆಯ್ತಾ?’ ಎಂದು ಯಾರೂ ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ. ಎಲ್ಲ ಹುಡುಗರ ತಲೆಯಲ್ಲೂ ಆ ಮಾತು ಬಂದೇ ಬಂತು. ಮೊದಲು ನಕ್ಕವಳು ನಾನು. ತಡೆಯಲು ಬಾಯಿ ಮುಚ್ಚಿದರೆ ಮೂಗಿನಿಂದ ಹೊರಬಿತ್ತು. ಮಲ್ಲ್ಯಾ ನಕ್ಕ, ಹುಡುಗರೆಲ್ಲ ನಕ್ಕರು, ಬಾಗಿಲ ಬಳಿಯ ಇಬ್ಬರು ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅವರು ಮುಚ್ಚಿಕೊಂಡದ್ದು ಅಳುವುದಕ್ಕಲ್ಲ ಎಂದು ಅತ್ತಿಗೆ ತಿಳಿಯಿತು. ತಿರುಗಿ ಒಬ್ಬೊಬ್ಬರನ್ನೇ ನೋಡಿದಳು. ಎಲ್ಲರ ಕಣ್ಣೂ ನನ್ನ ಮೇಲಿದ್ದವು. ಅವಳು ಮತ್ತೆ ಶುರು ಮಾಡಲಿಲ್ಲ. ಹೆತ್ತ ತಾಯಿಯ ಮುಂದೆ, ಮಣ್ಣಿಗೆ ಒಯ್ಯುವವರೆಗೂ ತುಟಿ ಬಿಗಿದು ಕೂತಳು.

ಸಂಜೆ ಹಿತ್ತಲಲ್ಲಿ ನೀರಿನ ತೊಟ್ಟಿಯ ಬಳಿ ಅವಳೇ ನನ್ನನ್ನು ಕರೆದಳು. ಬಡಿಯುತ್ತಾಳೆ ಎಂದುಕೊಂಡೆ. ಬಡಿದಿದ್ದರೆ ಚೆನ್ನಾಗಿತ್ತು.

“ಮಾಡಿ ತೋರ್ಸವ್ವಾ,” ಅಂದಳು, “ನಾ ಹೆಂಗ ಅಳತೇನಿ, ನೋಡ್ತೇನಿ.”

ಒಲ್ಲೆ ಎಂದೆ. ಅವಳು ಬಿಡಲಿಲ್ಲ. ಎರಡು ಸಾಲು ಎಳೆದು ಉಸಿರಿನ ಜಾಗದಲ್ಲಿ ನಿಂತೆ. ಅವಳು ಮುಂದಿನದಕ್ಕೆ ಕಾದಳು. ಆಮೇಲೆ ಮುಖ ತೊಳೆದುಕೊಂಡು, “ಖರೆ, ಹಂಗ ಅಳತೇನಿ,” ಎಂದು ಒಳಗೆ ಹೋದಳು.

ಆ ಮೇಲೆ ಅತ್ತಿ ಯಾರ ಮುಂದೆಯೂ ಹಾಡ್ಯಾಡಿ ಅತ್ತದ್ದನ್ನು ಕಂಡವರಿಲ್ಲ. ಸಾವಿನ ಮನೆಗೆ ಹೋಗುತ್ತಿದ್ದಳು, ಮೂಲೆಯಲ್ಲಿ ಕೂತು ಎದ್ದು ಬರುತ್ತಿದ್ದಳು. ನಾನು ಅವಳೆದುರು ತಲೆ ಎತ್ತಿ ಮಾತಾಡಿದ್ದೂ ಕಡಿಮೆಯೇ. ತಪ್ಪಾಯಿತು ಎಂಬ ಒಂದು ಮಾತನ್ನು ಇಷ್ಟು ವರ್ಷ ಬಾಯಲ್ಲೇ ಇಟ್ಟುಕೊಂಡೆ.

ಈಗ ಕಾರ್ಟೂನಿಗೆ ಐದೂವರೆ ಆಗುವವರೆಗೆ ಕಾಯಬೇಕಾಗಿಲ್ಲ. ಹುಕ್ಕೇರಿಯ ನಮ್ಮ ಮನೆಯಲ್ಲಿ ನನ್ನ ಮಗಳು ಫೋನಿನಲ್ಲಿ ಅಂಥವನ್ನೇ ನೋಡುತ್ತಾಳೆ, ಅಸಲು ಗೊತ್ತಿಲ್ಲದೆಯೇ ನಗುತ್ತಾಳೆ. ಅಳುವವರನ್ನು ಅವಳು ಅಣಕಿಸಲಾರಳು. ಹಾಡ್ಯಾಡಿ ಅಳುವವರನ್ನು ಅವಳು ನೋಡಿಯೇ ಇಲ್ಲ.

ಹೋದ ವರ್ಷ ನಾಗನೂರಿನಲ್ಲಿ ಅಪ್ಪ ತೀರಿಕೊಂಡ. ಆಯಿಯನ್ನು ಕೂರಿಸಿದ್ದ ಜಾಗದಲ್ಲೇ ಅವನನ್ನೂ ಕೂರಿಸಿದ್ದರು. ಅಳು ಇತ್ತು, ಮಾತಿರಲಿಲ್ಲ. ಬಂದವರು ಹೂವಿನ ಹಾರ ಹಾಕಿ, ಹೊರಗೆ ಹೋಗಿ ಫೋನ್ ತೆಗೆಯುತ್ತಿದ್ದರು. ಅತ್ತಿ ಬಂದು ಅಣ್ಣನ ಕಾಲು ಮುಟ್ಟಿ ನನ್ನ ಪಕ್ಕ ಕೂತಳು. ಬಹಳ ಹೊತ್ತಿನ ಮೇಲೆ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದಳು:

“ನಮ್ಮಣ್ಣ ಹಿಂಗ ಸುಮ್ಮ ಹೋಗಬಾರದವ್ವಾ. ನನ್ನ ಬಾಯಿ ಏಳವಲ್ದು. ನಿನಗ ಬರತೈತಲ್ಲ, ನೀನರ ಅಳು.”

ಅವಳ ದನಿಯಲ್ಲಿ ಕುಹಕವಿರಲಿಲ್ಲ. ನಾನು ಬಾಯಿ ತೆರೆದೆ. ‘ಸಂತಿಗಿ ಹೋದಾಂವ ಬರತಾನಂತ ದಾರಿ ನೋಡಿದ್ನೋ, ನನ ಅಪ್ಪಾ... ಕೈಯಾನ ಚೀಲ ಯಾರಿಗಿ ಕೊಟ್ಟು ಹ್ವಾದ್ಯೋ, ನನ ಅಪ್ಪಾ...’ ರಾಗ ಸರಿಯಾಗಿಯೇ ಬಂತು. ಅತ್ತಿ ಕಣ್ಣು ಮುಚ್ಚಿ ತಲೆ ಆಡಿಸಿದಳು. ಉಸಿರಿನ ಜಾಗ ಬಂತು, ನಿಂತೆ. ಈ ಸಲ ಯಾರೂ ನಗಲಿಲ್ಲ.

“ಮುಂದ?” ಅಂದಳು ಅತ್ತಿ.

ಅದರ ಮುಂದಿನದನ್ನು ನಾನು ಕಲಿತೇ ಇರಲಿಲ್ಲ.