ಬಾಳೆಸಾಲಿಗೆ ಹಿಡಿಸುವ ಟ್ರ್ಯಾಕ್ಟರ್

ಟ್ರ್ಯಾಕ್ಟರ್ ಶೋರೂಮಿಗೆ ಕಾಲಿಟ್ಟ ಕೂಡಲೇ ಸೇಲ್ಸ್‌ನವನು ಕೇಳಿದ್ದು, "ಓಡಿಸೋರು ಯಾರು ಸಾರ್?" ಎಂದು. ಕೇಳಿದ್ದು ನನ್ನನ್ನಲ್ಲ, ನನ್ನ ಹಿಂದೆ ಬೈಕಿನ ಕೀ ತಿರುಗಿಸುತ್ತ ನಿಂತಿದ್ದ ನಮ್ಮ ಯಜಮಾನರನ್ನು. ಒಂಟಿಕೊಪ್ಪಲಿನಲ್ಲಿ ಪುಸ್ತಕ, ಪೆನ್ನಿನ ಅಂಗಡಿ ಇಟ್ಟಿರುವ ಅವರಿಗೆ ಗುದ್ದಲಿ ಹಿಡಿಯುವುದೂ ಅಷ್ಟಕ್ಕಷ್ಟೇ.

"ನಾನು ಕಣ್ರೀ," ಎಂದೆ, ಸ್ವಲ್ಪ ಜೋರಾಗಿಯೇ. ಅವನು ನಕ್ಕ. ಆ ನಗು ನನಗೆ ಹಿಡಿಸಲಿಲ್ಲ.

ನಮ್ಮ ಮನೆ ಶ್ರೀರಾಂಪುರದಲ್ಲಿ, ತೋಟ ಅಲ್ಲಿಂದ ಸ್ವಲ್ಪ ಆಚೆ. ತೆಂಗು, ಅದರ ನಡುವೆ ಬಾಳೆ. ಸುತ್ತಲೂ ಬಡಾವಣೆ ಎದ್ದು, ಈಗ ಎರಡು ಮನೆಗಳ ಕಾಂಪೌಂಡುಗಳ ನಡುವಿನ ಓಣಿಯಲ್ಲೇ ಒಳಗೆ ಹೋಗಬೇಕು. ಹಿಂದೆ ನಮ್ಮ ಮಾವ ಎತ್ತು ಕಟ್ಟಿ ಉಳುತ್ತಿದ್ದರು. ಆಮೇಲೆ ಬಾಡಿಗೆ ಟ್ರ್ಯಾಕ್ಟರ್ ಬಂತು. ಆ ಪುಣ್ಯಾತ್ಮ ಹದ ಇದ್ದಾಗ ಫೋನ್ ಎತ್ತುವುದಿಲ್ಲ. ನೆಲ ಕಲ್ಲಾದ ಮೇಲೆ ಬಂದು, ನಾಲ್ಕು ಬಾಳೆಗಿಡ ಮುರಿದು, ಕಾಫಿ ಕುಡಿದು ಹೋಗುತ್ತಾನೆ. ತೋಟದ ಉಳಿದೆಲ್ಲ ಕೆಲಸ ನನ್ನದು, ಉಳುಮೆ ಮಾತ್ರ ಬೇರೆಯವರ ಕೈಯಲ್ಲಿ. ಅದನ್ನೂ ನಾನೇ ಮಾಡಬೇಕೆಂಬ ಹಟ ಹಿಡಿದಿತ್ತು. ತವರಿನಲ್ಲಿ ಅಣ್ಣನ ಟ್ರ್ಯಾಕ್ಟರ್ ಓಡಿಸಿ ಕಲಿತವಳಿಗೆ ಇಲ್ಲಿ ಯಾಕೆ ಅಂಜಿಕೆ? ಮಾವನದು ಒಂದೇ ಷರತ್ತು. "ಒಂದು ಬಾಳೆಗಿಡ ಮುರೀಬಾರ್ದು ಕಣಮ್ಮ. ಮುರಿದ್ರೆ ಆ ಗಾಡಿ ನಮಗೆ ಬ್ಯಾಡ ಬುಡು." ಹೇಳಿದ್ದಲ್ಲದೆ, ಓಣಿಯ ಅಗಲವನ್ನೂ ಬಾಳೆಸಾಲಿನ ಅಗಲವನ್ನೂ ತಾವೇ ಹಗ್ಗದಲ್ಲಿ ಅಳೆದು, ಗಂಟು ಹಾಕಿ ನನ್ನ ಕೈಗೆ ಕೊಟ್ಟಿದ್ದರು.

ಶೋರೂಮಿನಲ್ಲಿ ಯಜಮಾನರ ಕಣ್ಣು ದೊಡ್ಡ ಕೆಂಪು ಟ್ರ್ಯಾಕ್ಟರಿನ ಮೇಲೆ. "ಇದು ರಸ್ತೇಲಿ ಹೋದ್ರೆ ಏನ್ ಗತ್ತು ನೋಡು!"

"ರಸ್ತೆ ಉಳ್ತೀರಾ?" ಎಂದೆ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ನಮ್ಮ ಹಾಸಿಗೆ ಬಾಳೆಸಾಲು. ಮೂಲೆಯಲ್ಲಿ ಚಿಕ್ಕದೊಂದು ನಿಂತಿತ್ತು. ಹಗ್ಗ ಹಿಡಿದು ನೋಡಿದರೆ ಚಕ್ರದ ಎರಡೂ ಕಡೆ ಜಾಗ ಉಳಿಯುತ್ತಿತ್ತು. ಮಣ್ಣು ಪುಡಿ ಮಾಡುವ ರೋಟವೇಟರ್ ತಿರುಗಿಸುವಷ್ಟು, ಗೊಬ್ಬರದ ಟ್ರೈಲರ್ ಎಳೆಯುವಷ್ಟು ಶಕ್ತಿ ಇದಕ್ಕಿದೆಯೇ ಎಂದು ಕೇಳಿ ತಿಳಿದುಕೊಂಡೆ. ಹತ್ತಿ ಕೂತೆ. ನಾನು ಕುಳ್ಳಿ. ಆದರೂ ಕ್ಲಚ್ಚು ಪೂರ್ತಿ ಕಾಲಿಗೆ ಸಿಕ್ಕಿತು. ಅಲ್ಲೇ ಮನಸ್ಸು ಕೊಟ್ಟುಬಿಟ್ಟೆ.

ಪರೀಕ್ಷೆಗೆಂದು ಅದನ್ನೇ ತೋಟಕ್ಕೆ ತರಿಸಿದೆವು. ಮಾವ ಸಾಲಿನೊಳಗೆ ನನ್ನ ಮುಂದೆ ಹಿಮ್ಮುಖವಾಗಿ ನಡೆಯುತ್ತ, "ಬಾ... ಬಾ... ಅಂಗೇ ಬಾ..." ಎಂದು ಕೈ ಆಡಿಸಿದರು. ಸಾಲಿನ ತುದಿಯಲ್ಲಿ, ಎತ್ತು ನಿಲ್ಲಿಸುವವರಂತೆ, "ಹೋ!" ಎಂದರು. ನಾನು ಬ್ರೇಕ್ ಒತ್ತಿದೆ. ಅವರು ಹೇಳಿದ್ದು ನನಗೋ ಟ್ರ್ಯಾಕ್ಟರಿಗೋ, ಇವತ್ತಿಗೂ ಗೊತ್ತಿಲ್ಲ. ತಿರುಗಿಸಿಕೊಂಡು ಪಕ್ಕದ ಸಾಲಿಗೆ ಹೊಕ್ಕೆ. ಎಂಜಿನ್ ಆರಿಸಿದ ಮೇಲೆ ಮಾವ ಒಂದೊಂದೇ ಗಿಡದ ಬುಡ ಮುಟ್ಟಿ ನೋಡುತ್ತ ಬಂದರು. "ಇರ್ಲಿ ಬುಡು," ಎಂದರು. ಅವರ ಬಾಯಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ನಾನು ಕೇಳಿಲ್ಲ. ಸಂತೋಷಕ್ಕೆ ಕಣ್ಣು ತುಂಬಿ, ಇಳಿಯಲು ಮೆಟ್ಟಿಲೇ ಕಾಣಲಿಲ್ಲ.

ಗಾಡಿ ಕೊಂಡ ಮೇಲಿನ ಮೊದಲ ಆಯುಧಪೂಜೆ ಬಂತು. ಮಾವನ ಸಡಗರವೋ ಸಡಗರ. ತೋಟದ ದಪ್ಪ ಬಾಳೆಕಂದುಗಳನ್ನೇ ಆರಿಸಿ ತಂದು ಟ್ರ್ಯಾಕ್ಟರಿನ ಎರಡೂ ಕಡೆ ಕಟ್ಟಿದರು, ಮೇಲೆ ಚೆಂಡುಹೂವಿನ ಹಾರ. ಮನೆಮುಂದೆ ಬೂದುಗುಂಬಳ ಒಡೆದು, ಚಕ್ರದಡಿ ನಿಂಬೆಹಣ್ಣು ಇಟ್ಟು, "ತೋಟಕ್ಕೂ ಒಂದ್ಸಲ ತೋರಿಸ್ಕೊಂಡು ಬರಾನ ನಡಿ," ಎಂದರು. ಮಾವ ನನ್ನ ಪಕ್ಕದಲ್ಲೇ ಹತ್ತಿ ಕೂತರು, ಹೊರಟೆವು. ಓಣಿಗೆ ಮೂತಿ ತೂರಿಸಿದ್ದಷ್ಟೇ, ಬಾಳೆಕಂದುಗಳು ಎರಡೂ ಕಾಂಪೌಂಡಿಗೆ ಸಿಕ್ಕಿಕೊಂಡವು. ಹಗ್ಗ ಹಿಡಿದು ಅಳೆದು ತಂದ ಗಾಡಿ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಪೂಜೆಯ ದಿನ ಕಟ್ಟಿದ್ದನ್ನು ಬಿಚ್ಚುವಂತಿಲ್ಲ ಎಂದು ಮಾವ ಪಟ್ಟು ಹಿಡಿದರು.

ಬಡಾವಣೆಯ ಜನ ಸೇರಿದರು. ಗೇಟಿನ ಬಳಿ ನಿಂತವರೊಬ್ಬರು ಕೇಳಿದರು, "ಓಡಿಸ್ತಿರೋರು ಯಾರ್ರೀ ಇದನ್ನ?"

ನಾನು ಬಾಯಿ ತೆರೆಯುವ ಮೊದಲೇ ಹಾರದ ನಡುವಿನಿಂದ ಮಾವನ ದನಿ ಬಂತು.

"ನನ್ ಸೊಸೆ ಕಣಯ್ಯ. ಅವ್ಳು ಸರಿಯಾಗೇ ಓಡಿಸ್ತಾವ್ಳೆ. ಬಾಳೆಕಂದು ಕಟ್ದೋನು ನಾನು."