ಮರಿಗಾಗಿ ಬೀಗರ ಕಾಲು ತೊಳೆಸಿದ್ದು

ತೊಂಬತ್ತರ ಸುಮಾರಿಗೆ ಅಲಖನೂರಿನ ನಮ್ಮ ಮನೆಯಲ್ಲಿ ಇಬ್ಬರ ಚಿಂತೆಯಿತ್ತು. ಒಬ್ಬಳು ಲಗ್ನಕ್ಕೆ ಬಂದ ಅಕ್ಕ, ಇನ್ನೊಂದು ಮಂಗಸೂಳಿಯ ಮಲ್ಲಯ್ಯನ ಗುಡಿಯಿಂದ ಆಯಿ ಸೆರಗಿನಲ್ಲಿ ಸುತ್ತಿಕೊಂಡು ತಂದ ನಾಯಿಮರಿ. ಆಯಿ ಎಂದರೆ ಅಪ್ಪನ ತಾಯಿ. ಅವಳ ಲೆಕ್ಕದಲ್ಲಿ ಅಕ್ಕನದು ಎರಡನೇ ನಂಬರು.

ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ತಂದ ಮರಿಗಳು ಒಂದರ ಹಿಂದೊಂದು ವಾಂತಿ ಮಾಡಿ, ರಕ್ತಭೇದಿಯಾಗಿ ಅವಳ ಮಡಿಲಲ್ಲೇ ಸತ್ತಿದ್ದವು. ಮಲ್ಲಯ್ಯನ ನಾಯಿಗೆ ಮಲ್ಲಯ್ಯನೇ ಡಾಕ್ಟರ್ ಎಂದು ಆಯಿ ಅವುಗಳ ಹಣೆಗೆ ಗುಡಿಯ ಅರಿಸಿನಪುಡಿ, ಭಂಡಾರ, ಹಚ್ಚಿ ಕೂತಿದ್ದಳು. ಕೊನೆಯದು ಹೋದ ದಿನ ಊಟ ಮುಟ್ಟಲಿಲ್ಲ. ಮಾತುಮಾತಿಗೂ ಕಿಸಿಯುವ ನನಗೂ ಅಳು ಬಂತು.

ಈ ಸಲ ಹಣೆಗೆ ಭಂಡಾರ, ತೊಡೆಗೆ ಸೂಜಿ, ಎರಡೂ ಇರಲಿ ಎಂದು ಮರಿಯನ್ನು ರಾಯಬಾಗದ ದನದ ದವಾಖಾನೆಗೆ ಒಯ್ದಳು. ಡಾಕ್ಟರು ಸಮಾಧಾನದ ಮನುಷ್ಯ. ಹಿಂದಿನ ಮರಿಗಳಿಗೆ ಬಂದದ್ದು ಪಾರ್ವೋ ರೋಗ ಇರಬೇಕು, ಅದು ರೋಗದ ನಾಯಿಯ ಹೇಲಿನಿಂದ ಹರಡುತ್ತದೆ, ತಿಂಗಳುಗಟ್ಟಲೆ ಮಣ್ಣಲ್ಲಿ ಕೂತಿರುತ್ತದೆ, ಚಪ್ಪಲಿಗೆ ಅಂಟಿಕೊಂಡು ಮನೆಯೊಳಗೂ ಬರುತ್ತದೆ ಎಂದರು. ಫಿನೈಲಿಗೆ ಅದು ಹೆದರುವುದಿಲ್ಲ, ಬ್ಲೀಚಿಂಗ್ ಪುಡಿಗೆ ಹೆದರುತ್ತದೆ. ಸೂಜಿ ಒಮ್ಮೆ ಹಾಕಿದರೆ ಸಾಲದು, ಕೆಲವು ವಾರ ಬಿಟ್ಟು ಮತ್ತೆ ಹಾಕಿಸಬೇಕು, ಅಲ್ಲಿಯವರೆಗೆ ಬೇರೆ ನಾಯಿಗಳ ಸಂಗ ಬೇಡ. ಹುಚ್ಚುನಾಯಿ ರೋಗದ ಸೂಜಿ ಬೇರೆ, ಅದು ವರ್ಷ ವರ್ಷ. ಆಯಿ ಪ್ರತಿಯೊಂದನ್ನೂ ಎರಡೆರಡು ಸಲ ಕೇಳಿಸಿಕೊಂಡಳು. ಹೆತ್ತ ಮಗನ ಮಾತನ್ನು ಅವಳು ಯಾವತ್ತೂ ಅಷ್ಟು ಲಕ್ಷ್ಯ ಕೊಟ್ಟು ಕೇಳಿದವಳಲ್ಲ.

ಸೂಜಿಯ ಮದ್ದು ಮಿರಜದಲ್ಲಿ ಸಿಗುತ್ತಿತ್ತು. ಅದು ಬಿಸಿಯಾಗದಂತೆ ಚಹಾದ ಥರ್ಮಾಸಿನಲ್ಲಿ ಬರ್ಫ ತುಂಬಿ ತರುವ ಕೆಲಸ ಕಾಲೇಜಿಗೆ ರಜೆಯಿದ್ದ ನನಗೆ ಬಿತ್ತು. ಬಸ್ಸಿನಲ್ಲಿ ಪಕ್ಕದ ಹೆಂಗಸು ಒಂದು ಗುಟುಕು ಚಹಾ ಕೇಳಿದಳು. ನಾಯಿ ಔಷಧ ಎಂದೆ. ಅವಳು ನಂಬಲಿಲ್ಲ, ಇಳಿಯುವತನಕ ನನ್ನ ಜಿಪುಣತನದ ಬಗ್ಗೆ ಮರಾಠಿಯಲ್ಲಿ ಊರಿಗೆಲ್ಲ ಕೇಳುವಂತೆ ಹೇಳುತ್ತ ಹೋದಳು.

ಮೊದಲ ಸೂಜಿಯಾಯಿತು. ಅಂದಿನಿಂದ ನಮ್ಮದು ಮನೆಯಲ್ಲ, ಚೆಕ್‌ಪೋಸ್ಟು. ಚಪ್ಪಲಿ ಗೇಟಿನಾಚೆ, ಕಾಲಿಗೆ ಬ್ಲೀಚಿಂಗ್ ನೀರು. ಹಾಲಿನವನು ಬೇಸತ್ತು ಹಾಲನ್ನು ಕಟ್ಟೆಯ ಮೇಲಿಟ್ಟು ಓಡತೊಡಗಿದ.

ಹೀಗಿರುವಾಗ ಐಗಳಿಯಿಂದ ಅಕ್ಕನನ್ನು ನೋಡಲು ಬಂದರು. ದ್ರಾಕ್ಷಿ ತೋಟದ ಗಟ್ಟಿ ಕುಳ. ನಮ್ಮ ಕಡೆ ಬಂದವರ ಕಾಲಿಗೆ ನೀರು ಕೊಡುವುದು ಪದ್ಧತಿ. ಆಯಿ ಅದರಲ್ಲೇ ಪುಡಿ ಕಲಸಿಬಿಟ್ಟಿದ್ದಳು. ಹುಡುಗನ ಅಪ್ಪ ಮೂಗು ಅರಳಿಸಿ, ನೀರಿಗೆ ಏನು ಹಾಕಿದ್ದೀರಿ ಎಂದು ಕೇಳಿದರು. ಹಿಂದಿನಿಂದ ನಮ್ಮಪ್ಪ ಗಾಬರಿಯಲ್ಲಿ ವಾಳದ ಬೇರು, ಕಾಲಿಗೆ ತಂಪು ಎಂದುಬಿಟ್ಟ. ಅವರು ಖುಷಿಯಾಗಿ ಇನ್ನೊಂದು ತಂಬಿಗೆ ಸುರಿದುಕೊಂಡರು. ಆದರೆ ತಮ್ಮ ಹೊಸ ಅಥಣಿಯ ತೊಗಲು ಚಪ್ಪಲಿಯನ್ನು ಗೇಟಿನಾಚೆ ಬಿಡಲು ಮನಸ್ಸಾಗದೆ ಕೈಯಲ್ಲಿ ಹಿಡಿದು ತಂದು ಪಡಸಾಲೆಯ ಮೂಲೆಯಲ್ಲಿಟ್ಟರು. ಮರಿ ಅಲ್ಲೇ ಬುಟ್ಟಿಯಲ್ಲಿ ಮಲಗಿತ್ತು.

ಅಕ್ಕ ಚಹಾದ ತಟ್ಟೆ ಹಿಡಿದು ಬಂದಳು. ಹುಡುಗ ತಲೆ ತಗ್ಗಿಸಿದ. ಅವನ ಅಪ್ಪ ಮರಿಯನ್ನು ನೋಡಿ, ಚಂದ ಐತಿ ಎಂದು ಹೇಳಿ, ಹೋದ ವಾರ ತಮ್ಮ ತೋಟದ ಮರಿಯೊಂದು ರಕ್ತಭೇದಿಯಾಗಿ ಸತ್ತಿತು ಎಂದು ಮಾತಿಗೆ ಮಾತು ಸೇರಿಸಿದರು.

ಆಯಿ ಎದ್ದು ನಿಂತಳು.

"ಸಾವ್ಕಾರ್ರ, ಇದ ಚಪ್ಪಲಿ ಮೆಟ್ಟಕೊಂಡು ಅಲ್ಲಿ ಅಡ್ಡ್ಯಾಡೀರೇನ್ರಿ?"

ಹೌದು ಎಂದರು. ಮರಿ ಅಷ್ಟರಲ್ಲಿ ಬುಟ್ಟಿಯಿಂದ ಇಳಿದು ಚಪ್ಪಲಿಯ ಕಡೆ ಹೊರಟಿತ್ತು. ಆಯಿ ಒಂದು ಕೈಯಲ್ಲಿ ಮರಿ, ಇನ್ನೊಂದರಲ್ಲಿ ಚಪ್ಪಲಿ ಎತ್ತಿಕೊಂಡು ಅಂಗಳಕ್ಕೆ ನಡೆದಳು. ಅಪ್ಪ "ಅವ್ವಾ, ಅವ್ವಾ" ಎನ್ನುತ್ತಲೇ ಇದ್ದ. ಆಯಿ ಚಪ್ಪಲಿಗಳನ್ನು ಬ್ಲೀಚಿಂಗ್ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿ, ಮೇಲೊಂದು ಕಲ್ಲಿಟ್ಟಳು. ಆಮೇಲೆ ಪಡಸಾಲೆಯನ್ನೂ ಅದೇ ನೀರಿನಿಂದ ಒರೆಸಿದಳು. ಬೀಗರಾಗಬೇಕಾದವರು ಕಾಲು ಮೇಲೆತ್ತಿಕೊಂಡು ಕೂತರು. ಚಹಾ ಆರಿತು. ಅಕ್ಕ ತಟ್ಟೆ ಹಿಡಿದೇ ನಿಂತಿದ್ದಳು.

"ಸಿಟ್ಟಾಗಬ್ಯಾಡ್ರಿ. ಹುಡುಗಿಗೆ ಇನ್ನೊಂದು ಮನಿ ಸಿಕ್ಕೀತು," ಎಂದಳು ಆಯಿ. "ಇದಕ್ಕ ಇನ್ನೊಂದು ಜೀವ ಎಲ್ಲಿಂದ ತರ್ಲಿ?"

 ಸಂಜೆ ಹುಡುಗನ ಅಪ್ಪ ಬಣ್ಣ ಬಿಳಿಚಿ ಸೆಟೆದ ಚಪ್ಪಲಿ ಮೆಟ್ಟಿಕೊಂಡು, ಕುಂಟುತ್ತ ಬಸ್ಸಿಗೆ ಹೋದರು. ಅಕ್ಕ ಒಳಗೆ ಹೋಗಿ ಅತ್ತಳು, ಅಪ್ಪ ಆಯಿಯ ಜೊತೆ ಮಾತು ಬಿಟ್ಟ. ಆಯಿಗೆ ಅದ್ಯಾವುದರ ಪರಿವೆಯೂ ಇರಲಿಲ್ಲ. ಬೆಳಗಾದರೆ ಮರಿಯ ಹೇಲು ನೋಡುವುದು, ಅದು ಅನ್ನ ತಿಂದಿತೋ ಇಲ್ಲವೋ ನೋಡುವುದು. ಮರಿ ತಿಂದಿತು, ಬೆಳೆಯಿತು, ನನ್ನ ಚಪ್ಪಲಿಯನ್ನೂ ಕಡಿದು ಹಾಕಿತು. ಉಳಿದ ಸೂಜಿಗಳೂ ಆದವು.

ಆಮೇಲೊಂದು ದಿನ ಐಗಳಿಯಿಂದ ಮಧ್ಯಸ್ಥ ಬಂದ. ಹುಡುಗಿ ಒಪ್ಪಿಗೆ, ಮರಿಯನ್ನೇ ಇಷ್ಟು ಕಾಯುವ ಮನೆ ಸಾವ್ಕಾರರಿಗೆ ಹಿಡಿಸಿದೆ ಎಂದ. ಅಪ್ಪ ಖುಷಿಯಲ್ಲಿ ತಾನೇ ಚಹಾ ತರಲು ಎದ್ದ. ಅಕ್ಕ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ನಿಮ್ಮ ಕಡೆಯವರು ಏನೆನ್ನುತ್ತೀರಿ ಎಂದು ಅವನು ಆಯಿಯನ್ನು ಕೇಳಿದ. ಆಯಿ, ಆ ತೋಟಕ್ಕೆ ಹೊಸ ಮರಿ ಬಂದಿದೆಯೇ ಎಂದು ಕೇಳಿದಳು. ಬಂದಿದೆ ಎಂದ.

"ಹಂಗಾರ ಮದಲ ಅದಕ್ಕ ಸೂಜಿ ಹಾಕಸಾಕ ಹೇಳ್ರಿ. ಆಮ್ಯಾಲ ನಮ್ಮ ಹುಡುಗೀನ್ನ ಕೊಡ್ತೇವಿ."

ಮರುವಾರ ಬೀಗರು ಆ ಮರಿಯನ್ನು ಚೀಲದಲ್ಲಿಟ್ಟುಕೊಂಡು, ಬರಿಗಾಲಲ್ಲಿ ನಮ್ಮ ಗೇಟಿನಾಚೆ ಬಂದು ನಿಂತರು. ಒಳಗೆ ಬರಲಿಲ್ಲ. ಸೂಜಿ ಹಾಕಿಸಲು ಡಾಕ್ಟರ ದವಾಖಾನೆಗೆ ಆಯಿಯೂ ಜೊತೆಗೆ ಬರಬೇಕಂತೆ.